ತಾಯಿತ ಊರಿಗೆ ಹೋದದ್ದು

1998ರ ನವೆಂಬರ್‌ನಲ್ಲಿ ನನ್ನ ಹೆಂಡತಿ ದುಬೈಯ ರಸ್ತೆ ಪರೀಕ್ಷೆಯಲ್ಲಿ ಐದನೇ ಸಲ ನಪಾಸಾದಳು. ಲೇನ್ ಬದಲಿಸುವಾಗ ಭುಜದ ಮೇಲಿಂದ ಹಿಂದೆ ನೋಡಲಿಲ್ಲ ಎಂಬುದು ಕಾರಣ. ಅದೇ ಬೆಳಿಗ್ಗೆ, ಅದೇ ಕಾರಿನಲ್ಲಿ, ಜಪಾನಿನ ಒಬ್ಬ ಹೆಂಗಸೂ ನಪಾಸಾದರು. ತೀರ ನಿಧಾನವಾಗಿ ಓಡಿಸಿದ್ದು ಅವರ ತಪ್ಪು.

ಪರೀಕ್ಷೆಗೆ ಬಂದ ಹೆಂಗಸರನ್ನೆಲ್ಲ ಒಂದೇ ಕಾರಿನ ಹಿಂದಿನ ಸೀಟಿನಲ್ಲಿ ಕೂರಿಸುತ್ತಿದ್ದರು. ಮುಂದೆ ಮಹಿಳಾ ಪೊಲೀಸ್. ಒಬ್ಬೊಬ್ಬರಾಗಿ ಇಳಿದು ಸ್ಟೀರಿಂಗ್ ಹಿಡಿಯಬೇಕು. ‘ಯಲ್ಲಾ’ ಎಂದರೆ ಹೊರಡು, ‘ಖಲಾಸ್’ ಎಂದರೆ ನಿನ್ನದು ಮುಗಿಯಿತು, ಇಳಿ. ಹಿಂದೆ ಕೂತವರಿಗೆ ಓಡಿಸುವವಳ ಕತ್ತು ಬೆವರುವುದು ಕಾಣುತ್ತದೆ. ಕೆಲವು ಸಲ ಹೀಗೆ ಒಟ್ಟಿಗೆ ಹೆದರಿ ಕೂತ ಮೇಲೆ ಇವರಿಬ್ಬರೂ ಗೆಳತಿಯರಾದರು. ಜಪಾನಿನಾಕೆಯ ಗಂಡ ತೈಲ ಕಂಪನಿಗಳಿಗೆ ಪಂಪು ಒದಗಿಸುವ ಸಂಸ್ಥೆಯಲ್ಲಿ ಎಂಜಿನಿಯರ್. ಅವರ ಊರು ಒಸಾಕಾ. ಊರಿನಲ್ಲಿ ಎಲ್ಲಿಗೆ ಹೋಗುವುದಿದ್ದರೂ ರೈಲು ಇದ್ದುದರಿಂದ ಕಾರು ಕಲಿತಿರಲಿಲ್ಲ.

ನಾವಿದ್ದುದು ಅಲ್ ಕುಸೈಸ್‌ನಲ್ಲಿ, ಎರಡು ಕೋಣೆಯ ಫ್ಲ್ಯಾಟಿನಲ್ಲಿ. ನಾನು ಒಂದು ಇಂಗ್ಲಿಷ್ ಪತ್ರಿಕೆಯಲ್ಲಿ ಉಪಸಂಪಾದಕ. ಆ ದಿನ ಮನೆಗೆ ಬಂದವಳು ಚಪ್ಪಲಿ ಬಿಡುವ ಮೊದಲೇ ಹೇಳಿದಳು:

“ಎಂತ ಕೇಳ್ಬೇಡಿ ಮಾರಾಯ್ರೆ. ಖಲಾಸ್.”

“ಅಗೇನ್, ಅಮ್ಮಾ?” ಎಂದಳು ಆರು ವರ್ಷದ ಮಗಳು.

“ನೀನು ಬಾಯಿ ಮುಚ್ಚಿ ಹಾಲು ಕುಡಿ.”

ಅವಳಿಗೆ ಲೈಸೆನ್ಸ್ ಬೇಕಾಗಿದ್ದುದು ಒಂದೇ ಕಾರಣಕ್ಕೆ. ಅವಳ ಅಣ್ಣ ಅಬುಧಾಬಿಯ ಮುಸಫ್ಫಾದಲ್ಲಿ ವೆಲ್ಡರ್. ಕಂಪನಿಯ ಕ್ಯಾಂಪಿನಲ್ಲಿ ವಾಸ, ಕಂಪನಿಯ ಬಸ್ಸಿನಲ್ಲಿ ಓಡಾಟ, ಶುಕ್ರವಾರ ಮಾತ್ರ ರಜೆ. ಶನಿವಾರದ ಪತ್ರಿಕೆ ಶುಕ್ರವಾರವೇ ತಯಾರಾಗಬೇಕಾದ್ದರಿಂದ ನನಗೆ ಶುಕ್ರವಾರ ರಜೆ ಇರಲಿಲ್ಲ. ನಾನು ಬಿಡುವಾದ ದಿನ ಅವನಿಗೆ ಕೆಲಸ, ಅವನು ಬಿಡುವಾದ ದಿನ ನನಗೆ ಕೆಲಸ. ಹಾಗಾಗಿ ಅಣ್ಣ ತಂಗಿ ಒಂದೇ ದೇಶದಲ್ಲಿ, ಒಂದೇ ಹೆದ್ದಾರಿಯ ಎರಡು ತುದಿಯಲ್ಲಿದ್ದೂ ತಿಂಗಳುಗಟ್ಟಲೆ ಮುಖ ನೋಡುತ್ತಿರಲಿಲ್ಲ. ಶುಕ್ರವಾರ ಮಧ್ಯಾಹ್ನ ಅಣ್ಣನ ಎದುರು ಕುಚ್ಚಲಕ್ಕಿ ಅನ್ನ, ಬಂಗುಡೆ ಸಾರು ಬಿಸಿಬಿಸಿಯಾಗಿ ಇಡಬೇಕು ಎಂಬುದು ಅವಳ ಆಸೆ.

ಅಣ್ಣ ಫೋನಿನಲ್ಲಿ ಛೇಡಿಸುತ್ತಿದ್ದ. “ನಿಂಗೆ ಸೈಕಲ್ ಕಲಿಸಿದವ ನಾನು. ಇವಳಿಗೆ ಯಾರು ಕಲಿಸಿದ್ದು ಅಂತ ಆ ಪೊಲೀಸ್ ಕೇಳಿದ್ರೆ ನನ್ನ ಹೆಸರು ಹೇಳ್ಬೇಡ, ಆಯ್ತಾ?”

ಸೈಕಲ್ ಕಲಿತದ್ದು ಮಲ್ಪೆಯಲ್ಲಿ, ಮೀನಿನ ಲಾರಿ ಬರದ ಹೊತ್ತು ನೋಡಿ. ಅವನು ಕ್ಯಾರಿಯರ್ ಹಿಡಿದು ಹಿಂದೆ ಓಡುತ್ತ “ಹಿಡ್ಕೊಂಡಿದ್ದೇನೆ, ತುಳಿ” ಎನ್ನುತ್ತಿದ್ದನಂತೆ. ಒಂದು ದಿನ ಆ ದನಿ ತೀರ ದೂರದಿಂದ ಕೇಳಿತು. ತಿರುಗಿ ನೋಡಿದರೆ ಅಣ್ಣ ರಸ್ತೆಯ ಆ ತುದಿಯಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. ನೋಡಿದ ಕೂಡಲೇ ಬಿದ್ದಳು. ಈ ಕತೆಯನ್ನು ಅವಳು ಅಣ್ಣನ ಮೇಲಿನ ದೂರಾಗಿ ಹೇಳುತ್ತಿದ್ದಳು.

ಡಿಸೆಂಬರಿನಲ್ಲಿ ಜಪಾನಿನಾಕೆ ಪಾಸಾದರು. ಪಾಸಾದ ದಿನವೇ ಪರೀಕ್ಷಾ ಅಂಗಳದ ಗೇಟಿನಲ್ಲಿ ನನ್ನ ಹೆಂಡತಿಯ ಕೈಗೆ ಒಂದು ಪುಟ್ಟ ಚೀಲ ಇಟ್ಟರು. ಹೆಬ್ಬೆರಳಿನಷ್ಟು ಅಗಲದ ಬಿಳಿ ರೇಷ್ಮೆ ಬಟ್ಟೆ, ಬಂಗಾರದ ದಾರದಲ್ಲಿ ಕಸೂತಿ ಮಾಡಿದ ಅಕ್ಷರ, ಮೇಲೆ ಕೆಂಪು ದಾರದ ಗಂಟು. ಒಸಾಕಾದ ಹಳೆಯ ಶಿಂಟೋ ದೇಗುಲವೊಂದರ ತಾಯಿತ. ವಾಹನ ಓಡಿಸುವವರಿಗೆ ಅಪಾಯ ಬಾರದಿರಲಿ ಎಂದು ಕೊಡುವಂಥದ್ದು. ಅವರ ತಾಯಿ ಎರಡು ಕಳಿಸಿದ್ದರು, ಒಂದು ಇವಳಿಗೆ.

ಮನೆಯಲ್ಲಿ ದೇವರಿದ್ದುದು ಅಡಿಗೆಮನೆಯ ಗೋಡೆ ಕಪಾಟಿನಲ್ಲಿ, ಬೆಲ್ಲದ ಡಬ್ಬಿಯ ಪಕ್ಕ. ತಾಯಿತವೂ ಅಲ್ಲಿಗೇ ಹೋಯಿತು. ಮರುದಿನ ಬೆಳಿಗ್ಗೆ ನೋಡಿದರೆ ಬಿಳಿ ರೇಷ್ಮೆಯ ಮೇಲೆ ಅರಸಿನ, ಕುಂಕುಮ. “ಬೇರೆ ದೇವರಿಗೆ ಕುಂಕುಮ ಇಟ್ಟು ಇದಕ್ಕೆ ಮಾತ್ರ ಬಿಡ್ಲಿಕ್ಕಾಗ್ತದಾ?” ಎಂದಳು.

ಜನವರಿಯಲ್ಲಿ ಪಾಸಾದಳು. ಆ ದಿನ ತಾಯಿತ ಅವಳ ಕೈಚೀಲದಲ್ಲಿತ್ತು.

ಸೆಕೆಂಡ್ ಹ್ಯಾಂಡ್ ಕಾರು ಬಂತು. ಮೊದಲ ದಿನ ಕಟ್ಟಡದ ಹಿಂದಿನ ಪಾರ್ಕಿಂಗಿನಲ್ಲಿ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟಳು. ಪೇಶಾವರ ಕಡೆಯ ವಾಚ್‌ಮನ್ ಬಗ್ಗಿ ನೋಡಿ, ಶರಬತ್ತು ಮಾಡುವುದಿದ್ದರೆ ತನ್ನ ಕೋಣೆಯಲ್ಲಿ ಸಕ್ಕರೆ ಇದೆ ಎಂದ. ತಾಯಿತವನ್ನು ಒಳಗಿನ ಕನ್ನಡಿಗೆ ಕಟ್ಟಿದಳು. ಮುಂದಿನ ಶುಕ್ರವಾರದಿಂದ ಮುಸಫ್ಫಾಕ್ಕೆ ಹೊರಟಳು. ಸಾರಿನ ಪಾತ್ರೆಗೆ ಟವೆಲ್ ಸುತ್ತಿ, ಹಿಂದಿನ ಸೀಟಿನಲ್ಲಿ ಮಗಳ ಪಕ್ಕ ಇಟ್ಟು, ಅದಕ್ಕೂ ಸೀಟ್ ಬೆಲ್ಟ್ ಹಾಕುತ್ತಿದ್ದಳು.

ಅಣ್ಣ ಕ್ಯಾಂಪಿನ ಗೇಟಿನಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕಾಯುತ್ತಿದ್ದ. ಕೋಣೆಯೊಳಗೆ ಹೆಂಗಸರಿಗೆ ಪ್ರವೇಶವಿಲ್ಲ. ಊಟ ಕಾರಿನಲ್ಲೇ, ಎ.ಸಿ. ಹಾಕಿಕೊಂಡು. ಮೊದಲ ದಿನ ಕಾರಿನ ಸುತ್ತ ಒಂದು ಸುತ್ತು ಬಂದು ಅವನು ಹೇಳಿದ್ದು ಇಷ್ಟೇ: “ಗೀರು ಎಂತದೂ ಇಲ್ವಲ್ಲ. ನಿಜವಾಗ್ಲೂ ನೀನೇ ಓಡಿಸಿದ್ದಾ?”

ಮುಂದಿನ ಚಳಿಗಾಲದಲ್ಲಿ ಒಂದು ಶುಕ್ರವಾರ ಹೆದ್ದಾರಿಯ ಮೇಲೆ ಮಂಜು ಇಳಿಯಿತು. ಅಬುಧಾಬಿ ರಸ್ತೆಯ ಮಂಜು ಮಡಿಕೇರಿಯ ಮಂಜಿನಂತಲ್ಲ. ಬಾನೆಟ್ ಕೂಡ ಕಾಣುವುದಿಲ್ಲ, ಹಿಂದಿನಿಂದ ಬರುವವರು ವೇಗ ತಗ್ಗಿಸುವುದೂ ಇಲ್ಲ. ಅವಳು ರಸ್ತೆಯಿಂದ ಪೂರ್ತಿ ಕೆಳಗೆ, ಮರಳಿಗೆ ಇಳಿಸಿ ನಿಲ್ಲಿಸಿದಳು. ತಾಯಿತವನ್ನು ಬಿಚ್ಚಿ ಮುಷ್ಟಿಯಲ್ಲಿ ಹಿಡಿದು, ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಬಿಸಿಲು ಬರುವ ತನಕ ಕೂತಳು. ಸ್ವಲ್ಪ ಮುಂದೆ ಕಾರುಗಳು ಒಂದಕ್ಕೊಂದು ಗುದ್ದಿದ ಸದ್ದು ಅವರಿಗೆ ಕೇಳಿತು. ಆ ಸುದ್ದಿ ಸಂಜೆ ನನ್ನ ಮೇಜಿಗೂ ಬಂತು. ತಿದ್ದಿ ಶೀರ್ಷಿಕೆ ಕೊಟ್ಟದ್ದು ನಾನೇ.

ಅಲ್ಲಿಂದ ಮುಂದೆ ಆ ತಾಯಿತದ ಬಗ್ಗೆ ಮನೆಯಲ್ಲಿ ಯಾರೂ ತಮಾಷೆ ಮಾಡುವಂತಿರಲಿಲ್ಲ.

ಆ ಹೊತ್ತಿಗೆ ಜಪಾನಿನಾಕೆಯ ಗಂಡನಿಗೆ ಅಬುಧಾಬಿಗೆ ವರ್ಗವಾಗಿತ್ತು. ಟೂರಿಸ್ಟ್ ಕ್ಲಬ್ ಏರಿಯಾದಲ್ಲಿ ಮನೆ. 2000ದ ಫೆಬ್ರವರಿಯಲ್ಲಿ, ಮುಸಫ್ಫಾ ಮುಗಿಸಿ ಇವಳು ಅವರಲ್ಲಿ ಚಹಾಕ್ಕೆ ಹೋದಳು. ಮಾತಾಡುತ್ತ ಕೆಳಗಿಳಿದು ಬಂದ ಆಕೆಯ ಕಣ್ಣು ಕಾರಿನ ಕನ್ನಡಿಯ ಮೇಲೆ ಬಿತ್ತು. ಇಬ್ಬರ ಮಾತೂ ಅರೆಬರೆ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಹೆಂಡತಿ ಮನೆಗೆ ಬಂದು ವರದಿ ಮಾಡಿದ್ದು ಹೀಗೆ:

“ಇದು ಇನ್ನೂ ಇಲ್ಲೇ ಉಂಟಾ ಅಂತ ಕೇಳಿದ್ಳು. ವರ್ಷ ಆದ ಮೇಲೆ ಇಟ್ಕೊಳ್ಳಿಕ್ಕೆ ಇಲ್ಲವಂತೆ. ಬಂದ ದೇವಸ್ಥಾನಕ್ಕೇ ವಾಪಸ್ ಕೊಟ್ಟು, ಉಪಕಾರ ಆಯ್ತು ಅಂತ ಹೇಳಿ ಬರ್ಬೇಕಂತೆ. ಅವರು ಅಲ್ಲಿ ಬೆಂಕಿಗೆ ಹಾಕ್ತಾರಂತೆ.”

“ಕುಂಕುಮ ನೋಡಿ ಎಂತ ಹೇಳಿದ್ರು?”

“ಗಾಯ ಆಗಿದೆಯಾ ಅಂತ ಕೇಳಿದ್ಳು.”

“ಮತ್ತೆ? ಕಳಿಸುತ್ತೀಯಾ?”

“ನಾನು ಕೊಡುದಿಲ್ಲ. ಮಂಜಿನಲ್ಲಿ ಕಾದದ್ದು ಇದು. ಬೆಂಕಿಗೆ ಕೊಡ್ಲಿಕ್ಕೆ ನಂಗೆ ಹುಚ್ಚಾ? ಇದಿಲ್ಲದೆ ನಾನು ಆ ರಸ್ತೆಗೆ ಹೋಗುದಿಲ್ಲ.”

ಹಾಗೆ ಹೇಳಿದರೂ ಗೆಳತಿಯ ಮಾತು ಅವಳ ತಲೆಯಲ್ಲಿ ಕೂತಿತ್ತು. ನಮಗೆ ಬರಬೇಕಾದ್ದನ್ನೆಲ್ಲ ಅದು ತನ್ನ ಮೇಲೆ ಹಾಕಿಕೊಳ್ಳುತ್ತದೆ, ವರ್ಷ ಕಳೆದರೆ ದಣಿದುಹೋಗುತ್ತದೆ ಎಂದು ಆಕೆ ಹೇಳಿದ್ದರು. ಕೆಲವು ವಾರ ಯೋಚಿಸಿ, ಇವಳು ಅಣ್ಣನನ್ನು ಕೇಳಿದಳು. ಆ ಶುಕ್ರವಾರ ಅಪರೂಪಕ್ಕೆ ನನಗೂ ರಜೆ ಸಿಕ್ಕಿತ್ತು. ನಾನೂ ಕಾರಿನಲ್ಲಿದ್ದೆ.

ಅಣ್ಣ ಮೀನಿನ ಮುಳ್ಳು ಬಿಡಿಸುತ್ತ ಮೊದಲು ನಕ್ಕ. “ಹಾಗಾದ್ರೆ ಆ ದೇವರಿಗೂ ವರ್ಷಕ್ಕೊಂದು ಲೀವ್ ಉಂಟು. ಟಿಕೆಟ್ ಯಾರದ್ದು ಭಾವ, ಕಂಪನಿದಾ?”

“ತಮಾಷೆ ಬೇಡ ಅಣ್ಣ. ಕಳಿಸುದಾ, ಬೇಡ್ವಾ?”

ಅವನು ಎರಡು ತುತ್ತು ಉಂಡು, ನೀರು ಕುಡಿದ. ಅವನ ಕಂಪನಿಯಲ್ಲಿ ಊರಿಗೆ ರಜೆ ಎರಡು ವರ್ಷಕ್ಕೊಮ್ಮೆ. ಹಿಂದಿನ ವರ್ಷ ಊರಿಗೆ ಹೋಗಿ ಮದುವೆಯಾಗಿ, ಹೆಂಡತಿಯನ್ನು ಅಲ್ಲೇ ಬಿಟ್ಟು ಬಂದಿದ್ದ.

“ಕಳಿಸು ಮಾರಾಯ್ತಿ,” ಎಂದ. “ಊರಿಗೆ ಹೋಗುವ ಸಮಯಕ್ಕೆ ಹೋಗದಿದ್ರೆ ಹೇಗಾಗ್ತದೆ ಅಂತ ನಂಗೆ ಗೊತ್ತುಂಟು.”

ವಾಪಸು ಬರುವಾಗ ಹೆಂಡತಿ ಕನ್ನಡಿ ಕಡೆ ನೋಡಿ, “ಪೋಸ್ಟಲ್ಲಿ ಕಳಿಸಿದ್ರೂ ಆಗ್ತದೆ ಅಂತ ಅವಳು ಹೇಳಿದ್ದಾಳೆ,” ಎಂದಳು. ದುಬೈ ಗಡಿಯ ಘಂತೂತ್ ದಾಟಿದ ಮೇಲೆ, “ಆದ್ರೆ ದೇವರನ್ನು ಪೋಸ್ಟಲ್ಲಿ ಹಾಕುದು ಹೇಗೆ?” ಎಂದಳು.

ಅಕ್ಟೋಬರಿನಲ್ಲಿ ಪತ್ರಿಕೆ ನನ್ನನ್ನು ಒಸಾಕಾದ ಒಂದು ವ್ಯಾಪಾರ ಮೇಳದ ವರದಿಗೆ ಕಳಿಸಿತು. ಆ ವರ್ಷ ಊರಿಗೆ ಹೋಗಲು ಇಟ್ಟಿದ್ದ ಟಿಕೆಟ್ಟಿನ ಹಣದಲ್ಲಿ ಹೆಂಡತಿ, ಮಗಳು ಜೊತೆಗೆ ಬಂದರು. ಊರಿನಲ್ಲಿ ಯಾರಿಗೂ ಕಾರಣ ಹೇಳಲಿಲ್ಲ.

ದೇಗುಲ ಇದ್ದುದು ನಗರದ ದಕ್ಷಿಣಕ್ಕೆ, ಟ್ರಾಮ್ ನಿಲ್ಲುವ ರಸ್ತೆಯ ಬದಿಯಲ್ಲೇ. ಜಪಾನಿನಾಕೆ ದಾರಿಯ ನಕ್ಷೆ ಬರೆದುಕೊಟ್ಟಿದ್ದರು. ಸಾವಿರ ವರ್ಷಕ್ಕಿಂತ ಹಳೆಯ ಜಾಗ. ಸಮುದ್ರಕ್ಕೆ ಹೋಗುವವರನ್ನು ಕಾಯುವ ದೇವರು. ಒಂದು ಕಾಲಕ್ಕೆ ಸಮುದ್ರ ದೇಗುಲದ ಬಾಗಿಲ ತನಕ ಇತ್ತಂತೆ, ಈಗ ಹಿಂದೆ ಸರಿದಿದೆ. ಒಳಗಿನ ದಾರಿಯ ಎರಡೂ ಬದಿ ಆಳೆತ್ತರದ ಕಲ್ಲಿನ ದೀಪಸ್ತಂಭಗಳು. ಹಡಗಿನ ವ್ಯಾಪಾರಿಗಳು ಹರಕೆಗೆ ಕೊಟ್ಟವು ಎಂದು ಇಂಗ್ಲಿಷ್ ಫಲಕದಲ್ಲಿತ್ತು. ಅದನ್ನು ಓದಿ ಹೇಳಿದಾಗ ಮಲ್ಪೆಯವಳು ತಲೆಯಾಡಿಸಿದಳು. “ಹಾಗಾದ್ರೆ ನಮ್ಮ ಕಡೆಯ ದೇವರೇ.”

ಎರಡು ಕಂಬಗಳ ಮೊದಲ ಹೆಬ್ಬಾಗಿಲ ಬಳಿ ಅವಳು ಚಪ್ಪಲಿ ಬಿಟ್ಟಳು. ದೇವಸ್ಥಾನದ ಬಾಗಿಲಲ್ಲಿ ಚಪ್ಪಲಿ ಬಿಡುವುದಕ್ಕೆ ಯಾರನ್ನೂ ಕೇಳಬೇಕೆಂದು ಅವಳಿಗೆ ಅನ್ನಿಸಲಿಲ್ಲ. ನಾನೂ ಶೂ ಬಿಚ್ಚಿದೆ. ಮುಂದೆ ಕೊಳದ ಮೇಲೆ ಕೆಂಪು ಸೇತುವೆ, ಕಾಮನಬಿಲ್ಲಿನಂತೆ ಎತ್ತರಕ್ಕೆ ಬಾಗಿದ್ದು. ಅದನ್ನು ಹತ್ತಿ ನೆತ್ತಿಗೆ ಬಂದಿದ್ದೇವೆ, ಹಿಂದೆ ಯಾರೋ ಕೂಗಿದರು. ಕೋಟು ಹಾಕಿದ ಒಬ್ಬ ಮುದುಕರು ಏದುಸಿರು ಬಿಡುತ್ತ ಮೆಟ್ಟಿಲು ಹತ್ತುತ್ತಿದ್ದರು. ಎರಡೂ ಕೈಯಲ್ಲಿ ಅವಳ ಚಪ್ಪಲಿ, ಪ್ರಸಾದದ ತಟ್ಟೆ ಹಿಡಿದ ಹಾಗೆ. ನಾವು ಮರೆತು ಬಂದೆವೆಂದು ತಿಳಿದಿದ್ದರು. ಬಗ್ಗಿ ವಂದಿಸಿ ಕೊಟ್ಟರು. ಇವಳಿಗೆ ಹಿರಿಯರೊಬ್ಬರು ತನ್ನ ಚಪ್ಪಲಿ ಮುಟ್ಟಿದರಲ್ಲ ಎಂದು ಜೀವ ಹೋದಂತಾಯಿತು. ಇವಳೂ ಬಗ್ಗಿದಳು. ಅವರು ಇನ್ನಷ್ಟು ಬಗ್ಗಿದರು. ಸೇತುವೆಯ ಮೇಲೆ ಇದು ಸ್ವಲ್ಪ ಹೊತ್ತು ನಡೆಯಿತು.

“ಅಮ್ಮಾ, ನೋಬಡಿ ಎಲ್ಸ್ ಈಸ್ ಬೇರ್‌ಫುಟ್,” ಎಂದಳು ಮಗಳು. ನಿಜ. ಅಲ್ಲಿ ಎಲ್ಲರೂ ಶೂ ಹಾಕಿಕೊಂಡೇ ಓಡಾಡುತ್ತಿದ್ದರು. ನಾನು ಹಿಂದೆ ಹೋಗಿ ನನ್ನ ಶೂ ಹಾಕಿಕೊಂಡು ಬಂದೆ. ಅವಳು ಹಾಕಿಕೊಳ್ಳಲಿಲ್ಲ. ಚಪ್ಪಲಿಯನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ನನ್ನ ಕೈಗೆ ಕೊಟ್ಟು, ಜಲ್ಲಿಕಲ್ಲಿನ ಮೇಲೆ ಬರಿಗಾಲಲ್ಲಿ, ಮೆಲ್ಲಗೆ ಕಾಲೆತ್ತಿಡುತ್ತ ನಡೆದಳು.

ಕಲ್ಲಿನ ತೊಟ್ಟಿಯ ನೀರನ್ನು ಬಿದಿರಿನ ಸೌಟಿನಿಂದ ಎಲ್ಲರೂ ಕೈಗೆ ಸುರಿದುಕೊಂಡು, ಬಾಯಿ ಮುಕ್ಕಳಿಸಿ ಕೆಳಗೆ ಉಗುಳುತ್ತಿದ್ದರು. ಅವಳು ಬಲ ಅಂಗೈಯಲ್ಲಿ ಹಿಡಿದು ತೀರ್ಥದಂತೆ ಕುಡಿದು, ಉಳಿದ ಹನಿಯನ್ನು ತಲೆಗೆ ಸವರಿಕೊಂಡಳು. ಮಗಳೂ ಹಾಗೇ ಮಾಡಿದಳು.

ದೊಡ್ಡ ಗುಡಿಯ ಮುಂದೆ ಜನ ನಿಂತು ಬಗ್ಗಿ, ಚಪ್ಪಾಳೆ ತಟ್ಟಿ, ಕೈಮುಗಿಯುತ್ತಿದ್ದರು. ಒಳಗೆ ಮಂದ ಕತ್ತಲು, ಮುಚ್ಚಿದ ಬಾಗಿಲು. ಮೂರ್ತಿ ಕಾಣಲಿಲ್ಲ. “ಎಲ್ಲುಂಟು ದೇವರು?” ಎಂದು ಕತ್ತು ಉದ್ದ ಮಾಡಿ ನೋಡಿದಳು. ಕಾಣದಿದ್ದರೂ ಕೈಮುಗಿದು, ನಿಂತಲ್ಲೇ ಒಂದು ಸುತ್ತು ಬಂದಳು.

ಹಳೆಯ ತಾಯಿತ ಹಾಕಲು ಬದಿಯಲ್ಲೊಂದು ಮರದ ಪೆಟ್ಟಿಗೆ ಇತ್ತು. ಇಣುಕಿ ನೋಡಿದರೆ ಕೆಂಪು, ನೀಲಿ, ಬಿಳಿ ಚೀಲಗಳ ರಾಶಿ. ಅವಳು ಕೈಚೀಲದಿಂದ ಅದನ್ನು ತೆಗೆದಳು. ಮೊದಲೇ ಅರಸಿನ ಕುಂಕುಮ ಹಿಡಿದ ಬಟ್ಟೆಗೆ ಆ ಬೆಳಿಗ್ಗೆ ಹೋಟೆಲಿನಲ್ಲಿ ಹೊಸದಾಗಿ ಕುಂಕುಮ ಇಟ್ಟಿದ್ದಳು. ಕಾಗದದ ಪೊಟ್ಟಣದಿಂದ ನಾಲ್ಕು ಕಾಳು ಅಕ್ಷತೆ ಹಾಕಿ, ಗಣಪತಿಯನ್ನು ನೀರಿಗೆ ಬಿಡುವ ಮೊದಲು ಮಾಡುವಂತೆ ಸ್ವಲ್ಪ ಅಲುಗಿಸಿದಳು. ಆಮೇಲೆ ಬಿಡಲು ಕೈ ಬರಲಿಲ್ಲ. ಪೆಟ್ಟಿಗೆಯ ಮೇಲೆ ಕೈ ಹಾಗೇ ನಿಂತಿತು. ಹಿಂದೆ ಇಬ್ಬರು ಕಾಯುತ್ತಿದ್ದರು.

“ಹೋಗಿ ಬಾ ಆಯ್ತಾ,” ಎಂದು ಬಿಟ್ಟಳು.

ಹೊಸ ತಾಯಿತ ಕೊಡುವ ಕಟ್ಟೆಯಲ್ಲಿ ಬಿಳಿ ಅಂಗಿ, ಕೆಂಪು ಲಂಗದ ಹುಡುಗಿಯೊಬ್ಬಳು ಕೂತಿದ್ದಳು. ಮುಂದೆ ಸಾಲುಸಾಲಾಗಿ ಹತ್ತಾರು ಬಗೆ. ಓದಲು ನಮಗೆ ಬಾರದು. ಹೋಲಿಸಿ ನೋಡಲು ಹಳೆಯದು ಪೆಟ್ಟಿಗೆಯೊಳಗೆ ಹೋಗಿಯಾಗಿತ್ತು. ನಮ್ಮ ಇಂಗ್ಲಿಷ್ ಆ ಹುಡುಗಿಗೆ ತಿಳಿಯಲಿಲ್ಲ. ಆಗ ನನ್ನ ಹೆಂಡತಿ ಎರಡು ಕೈಯಿಂದ ಹೊಟ್ಟೆಯ ಮುಂದೆ ಸ್ಟೀರಿಂಗ್‌ನಷ್ಟು ದೊಡ್ಡ ಗುಂಡಗಿನ ಆಕಾರ ಮಾಡಿ, ಜೋಪಾನವಾಗಿ ಅತ್ತಿತ್ತ ತಿರುಗಿಸಿ ತೋರಿಸಿದಳು. ಹುಡುಗಿಯ ಮುಖ ಅರಳಿತು. ಬಿಳಿ ಬಟ್ಟೆಗೆ ಕೆಂಪು ದಾರದ್ದೊಂದನ್ನು ತೆಗೆದು, ಎರಡೂ ಕೈಯಿಂದ ಕೊಟ್ಟು, ಅವಳಿಗೆ ಬಗ್ಗಿ ವಂದಿಸಿದಳು. ನನಗೂ ವಂದಿಸಿದಳು. ಮಗಳ ಕೆನ್ನೆ ತಟ್ಟಿ ಏನೋ ಹೇಳಿದಳು.

“ಎಷ್ಟು ಮರ್ಯಾದೆ ನೋಡಿ ಡ್ರೈವರ್‌ಗಳಿಗೆ,” ಎಂದಳು ಹೆಂಡತಿ.

ದುಬೈಗೆ ಬಂದು ಹೊಸದನ್ನು ಕನ್ನಡಿಗೆ ಕಟ್ಟಿದಳು, ಕುಂಕುಮ ಇಟ್ಟಳು. ನಾವು ಬಂದ ಕೆಲವೇ ದಿನಕ್ಕೆ ಜಪಾನಿನಾಕೆ ಚೊಚ್ಚಲ ಹೆರಿಗೆಗೆಂದು ತವರಿಗೆ ಹೋದರು. ಹೊರಡುವ ಮೊದಲು ಫೋನಿನಲ್ಲಿ ಮಾತಾಡಿದ್ದಷ್ಟೇ. ಅವರ ಕಡೆಯೂ ತವರಿಗೆ ಹೋಗುವ ಕ್ರಮ ಇದೆ ಎಂದು ತಿಳಿದು ಇವಳಿಗೆ ಬಹಳ ಸಮಾಧಾನವಾಗಿತ್ತು. ಬಾಣಂತನ ಮುಗಿಸಿ ಮಗುವಿನೊಂದಿಗೆ ಅವರು ಅಬುಧಾಬಿಗೆ ಮರಳಿದ್ದು ಮುಂದಿನ ವರ್ಷದ ಕೊನೆಗೆ. ಅಷ್ಟರವರೆಗೆ ಇವಳ ಶುಕ್ರವಾರದ ಪ್ರಯಾಣಗಳು ನಡೆದೇ ಇದ್ದವು. ಮರಳಿನ ಗಾಳಿಯಲ್ಲಿ, ರಂಜಾನಿನ ಸಂಜೆಯ ಧಾವಂತದಲ್ಲಿ, ಮತ್ತೊಂದು ಸಲ ಮಂಜಿನಲ್ಲಿ. ಕಾರಿಗೆ ಒಂದು ಗೀರೂ ಬೀಳಲಿಲ್ಲ.

ಮಗು ನೋಡಲು ಹೋದ ದಿನ ಆಕೆ ಬೀಳ್ಕೊಡಲು ಕಾರಿನ ತನಕ ಬಂದರು. ಕನ್ನಡಿಯನ್ನು ನೋಡಿದರು, ಹತ್ತಿರ ಹೋಗಿ ಮತ್ತೆ ನೋಡಿದರು. ಕೈಯಿಂದ ಬಾಯಿ ಮುಚ್ಚಿಕೊಂಡು, ಭುಜ ಕುಣಿಯುವಷ್ಟು ನಕ್ಕರು. ಅದು ಸುಖಪ್ರಸವದ ತಾಯಿತ. ಅವರೂ ಹೆರಿಗೆಗೆ ಅದನ್ನೇ ತಂದಿಟ್ಟುಕೊಂಡಿದ್ದರು.

ಮನೆಯಲ್ಲಿ ಈ ಸುದ್ದಿ ತಿಳಿದ ಮಗಳು ಕೇಳಿದ್ದು ಒಂದೇ ಪ್ರಶ್ನೆ: “ಸೋ ಆಮ್ ಐ ಗೆಟಿಂಗ್ ಎ ಬ್ರದರ್?”

ಹೆಂಡತಿಗೆ ನಗು ಬರಲಿಲ್ಲ. ಆ ದಿನ ಅಬುಧಾಬಿಯಿಂದ ಮನೆ ತನಕ ಬಲಗಡೆಯ ಲೇನ್ ಬಿಡದೆ, ಲಾರಿಗಳ ಹಿಂದೆಯೇ ಬಂದಿದ್ದಳು. ಮುಂದಿನ ಶುಕ್ರವಾರ ಬೆಳಿಗ್ಗೆ ಸಾರು ಕುದಿದು ಆರುತ್ತಿತ್ತು, ಅವಳು ಸೀರೆಯನ್ನೂ ಉಟ್ಟಿರಲಿಲ್ಲ. ಅಣ್ಣನಿಗೆ ಫೋನ್ ಮಾಡಿದಳು. ಅವನ ದನಿ ದೊಡ್ಡದು, ನನಗೂ ಕೇಳುತ್ತಿತ್ತು.

“ಇವತ್ತು ಬರುದಿಲ್ಲ ಅಣ್ಣ.”

“ಜ್ವರವಾ?”

“ಅಲ್ಲ. ಆ ತಾಯಿತ ಬಾಣಂತಿಯರದ್ದಂತೆ. ಇಷ್ಟು ದಿನ ನಾನು ಎಂತದೂ ಇಲ್ಲದೆ ಓಡಿಸಿದ್ದಂತೆ. ಇನ್ನು ಆ ರಸ್ತೆಗೆ ಹೇಗೆ ಇಳಿಯುದು?”

ಆ ಕಡೆ ಜೋರು ನಗು. ನಗು ನಿಲ್ಲಲು ಸ್ವಲ್ಪ ಹೊತ್ತು ಹಿಡಿಯಿತು.

“ಮಲ್ಪೆಯಲ್ಲಿ ಸೈಕಲಿಂದ ಬಿದ್ದದ್ದು ಯಾವಾಗ ಹೇಳು.”

“ನೀನು ಬಿಟ್ಟಾಗ.”

“ಸುಳ್ಳು. ನಾನು ಬಿಟ್ಟ ಮೇಲೆ ನೀನು ಐಸ್ ಫ್ಯಾಕ್ಟರಿ ತನಕ ಚಂದ ಹೋಗಿದ್ದಿ. ಬಿದ್ದದ್ದು ತಿರುಗಿ ನೋಡಿದ್ದಕ್ಕೆ. ಈಗ ಸಾರು ಆರಿಸ್ಬೇಡ, ಹೊರಡು. ನಂಗೆ ಹಸಿವಾಗ್ತದೆ.”

ಅವಳು ಫೋನ್ ಇಟ್ಟು ಸೀರೆ ಉಟ್ಟಳು. ಆಮೇಲೆ ಸಾರನ್ನು ಮತ್ತೆ ಒಲೆಯ ಮೇಲಿಟ್ಟಳು. ಕೆಳಗಿಳಿಯುವಾಗ ನಾನೂ ಹೋದೆ. ತಾಯಿತವನ್ನು ಕನ್ನಡಿಯಿಂದ ಬಿಚ್ಚಿ ನನ್ನ ಕೈಗೆ ಕೊಟ್ಟು, ಬೆಲ್ಲದ ಡಬ್ಬಿಯ ಪಕ್ಕ ಇಡಿ ಎಂದಳು. ಪಾತ್ರೆಗೆ ಬೆಲ್ಟ್ ಹಾಕಿದಳು. ಹೊರಡುವ ಮೊದಲು ಭುಜದ ಮೇಲಿಂದ ಹಿಂದೆ ನೋಡಿದಳು, ರಸ್ತೆಗೆ ಇಳಿದಳು. ಮಧ್ಯಾಹ್ನ ಅಣ್ಣನೇ ಆಫೀಸಿಗೆ ಫೋನ್ ಮಾಡಿದ. “ಸಾರು ಬಿಸಿ ಇತ್ತು ಭಾವ.”

ಆ ವರ್ಷದ ಕೊನೆಗೆ ಅಣ್ಣ ರಜೆಗೆ ಹೋಗಿಬಂದ. ಮುಂದಿನ ವರ್ಷ ಊರಿನಲ್ಲಿ ಅತ್ತಿಗೆ ಬಸುರಿ ಎಂದು ಗೊತ್ತಾಯಿತು. ಅಲ್ ಕುಸೈಸ್‌ನಿಂದ ಉಡುಪಿಗೆ ಹೊರಟಿದ್ದ ಪರಿಚಯದವರೊಬ್ಬರ ಕೈಯಲ್ಲಿ ಹೆಂಡತಿ ತಾಯಿತವನ್ನು ಕಳಿಸಿದಳು. ಹಾಲಿನ ಪುಡಿ, ಬಾದಾಮಿಯ ಜೊತೆಗೆ. ಹೆಣ್ಣು ಮಗು ಹುಟ್ಟಿತು. ಹೆರಿಗೆಗೆ ತೊಂದರೆಯಾಗಲಿಲ್ಲ.

ಜಪಾನಿನವರು 2004ರಲ್ಲಿ ಒಸಾಕಾಕ್ಕೆ ಮರಳಿದರು. ತಾಯಿತ ಮಲ್ಪೆಯ ಮನೆಯಲ್ಲಿ, ದೇವರ ಮಂಟಪದ ಮೊಳೆಗೆ ತೂಗುತ್ತಿದೆ. ಕುಂಕುಮ ಹತ್ತಿ ಅಕ್ಷರ ಕಾಣುವುದಿಲ್ಲ. ವಾಪಸು ಕೊಡಬೇಕೆಂದು ಹೆಂಡತಿ ಪ್ರತಿ ರಜೆಯಲ್ಲೂ ನೆನಪಿಸುತ್ತಾಳೆ. ಅತ್ತಿಗೆ ಕೊಟ್ಟಿಲ್ಲ. ಕಾರಿನ ಕನ್ನಡಿಯಲ್ಲಿ ಈಗ ಏನೂ ಇಲ್ಲ. ಕಳೆದ ಶುಕ್ರವಾರವೂ ಅವಳು ಮುಸಫ್ಫಾಕ್ಕೆ ಹೋಗಿ ಬಂದಳು.